ಹಣೆ ಮುಟ್ಟುವ ಮುನ್ನ

ಎದುರು ಮನೆಯ ಲಿಲ್ಲಿ ನರ್ಸಿಂಗ್ ಪರೀಕ್ಷೆಯಲ್ಲಿ ಫೇಲಾದಳು ಎಂದಾಗ ನಾನು ನಂಬಲಿಲ್ಲ. ಮಂಗಳೂರಿನ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಮಕ್ಕಳ ವಾರ್ಡ್ ನೋಡಿಕೊಂಡವಳು, ಜರ್ಮನಿಯ ಎರ್ಲಾಂಗೆನ್‌ಗೆ ಬಂದ ಮೇಲೆ ವೃದ್ಧಾಶ್ರಮದಲ್ಲಿ ಶಿಫ್ಟಿನ ಮೇಲೆ ದುಡಿಯುತ್ತಿರುವವಳು. ಇಂಥವಳನ್ನು ಫೇಲು ಮಾಡಿದವರು ಯಾವ ಸೀಮೆಯ ಪಂಡಿತರು ಎಂದು ಸಿಟ್ಟು ಬಂತು. ಕಾರಣ ಕೇಳಿ ಸಿಟ್ಟು ಇನ್ನೂ ಹೆಚ್ಚಾಯಿತು. ಹೊಟ್ಟೆನೋವಿನ ರೋಗಿಯ ಪಾತ್ರ ಮಾಡಿದ ಹುಡುಗಿಯ ಹಣೆಯ ಮೇಲೆ ಇವಳು ಕೇಳದೆ ಕೈ ಇಟ್ಟಳಂತೆ. ಅಷ್ಟಕ್ಕೇ ಪರೀಕ್ಷಕರು ಅಲ್ಲೇ ನಿಲ್ಲಿಸಿಬಿಟ್ಟರಂತೆ.

"ನಮ್ಮಲ್ಲಿ ಮಗು ಬಂದ್ರೆ ಮೊದಲು ಕೈ ಹೋಗುದೇ ಹಣೆಗೆ ಅಕ್ಕ," ಎಂದಳು ಲಿಲ್ಲಿ. "ಇಲ್ಲಿ ಮೊದಲು ಕೇಳ್ಬೇಕು, ಮುಟ್ಟಬಹುದಾ ಅಂತ. ಬೇಡ ಅಂದ್ರೆ ಬೇಡ. ನಾನು ಓದಿದ್ದೆ, ನಂಗೆ ಗೊತ್ತುಂಟು. ಕೈಗೆ ಗೊತ್ತಾಗ್ಬೇಕಲ್ಲ."

ಇಲ್ಲಿನ ಒಂದು ಖಾಸಗಿ ಶಿಕ್ಷಣ ಸಂಸ್ಥೆ ತನ್ನ ಶಾಲೆಗಳಿಗೆ ನರ್ಸ್‌ಗಳನ್ನು ತೆಗೆದುಕೊಳ್ಳುತ್ತಿತ್ತು. ತರಬೇತಿ ಅವರದೇ, ಪರೀಕ್ಷೆ ಅವರದೇ, ಸರ್ಟಿಫಿಕೇಟೂ ಅವರದೇ. ಇನ್ನೊಂದೇ ಒಂದು ಸಲ ಕೂರಬಹುದು, ಆಮೇಲೆ ಇಲ್ಲ. ಪಾಸಾದರೆ ಲಿಲ್ಲಿಗೆ ಶಾಲೆಯ ವೇಳೆಯ ಕೆಲಸ. ಮಗಳು ಮನೆಗೆ ಬರುವ ಹೊತ್ತಿಗೆ ತಾನೂ ಬರಬಹುದು. ಇಲ್ಲವಾದರೆ ಮತ್ತೆ ಅದೇ ನೈಟ್ ಶಿಫ್ಟು, ಹಗಲು ನಿದ್ದೆ. ಗಂಡ ಗ್ರೆಗರಿ ಕಂಪನಿ ಕೆಲಸವೆಂದು ಅರ್ಧ ವಾರ ಊರಲ್ಲೇ ಇರುವುದಿಲ್ಲ. ಮಗಳ ಜೊತೆ ಕೂತು ಉಂಡು ಎಷ್ಟು ದಿನವಾಯಿತೋ ಎಂದು ಲಿಲ್ಲಿ ಆಗಾಗ ಹೇಳುತ್ತಿದ್ದಳು.

ಹಾಗಾಗಿ ಅವರ ಅಡುಗೆಮನೆಯಲ್ಲಿ ಶನಿವಾರದ ತಾಲೀಮು ಶುರುವಾಯಿತು. ರೋಗಿ, ಮಗಳು ಲಿಯೋನಾ. ಹದಿಮೂರರ ಹುಡುಗಿ, ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲಿ ಉತ್ತರಿಸುವವಳು. ಪರೀಕ್ಷಕಿ ನಾನು. ಮೈಸೂರಿನಿಂದ ಬಂದ ಸಾಫ್ಟ್‌ವೇರಿನವಳು, ನರ್ಸಿಂಗಿನ ಗಂಧಗಾಳಿ ಇಲ್ಲ. ನನ್ನ ಕೆಲಸ ಇಷ್ಟೇ: ಹಾಳೆಯಲ್ಲಿದ್ದ ಕೇಸನ್ನು ಓದುವುದು, ಲಿಲ್ಲಿಯ ಕೈ ಕೇಳದೆ ಮುಂದೆ ಹೋದರೆ ಚಮಚದಿಂದ ಮೇಜು ಬಡಿಯುವುದು. ಮೊದಲ ದಿನ ಬಡಿದು ಬಡಿದು ನನಗೇ ತಲೆನೋವು ಬಂತು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಸುಮ್ಮನೆ ಹೇಳಿಲ್ಲ.

ಲಿಯೋನಾ ಮಾತ್ರ ಕಲ್ಲು. ಮುಟ್ಟಬಹುದಾ ಎಂದರೆ ಪ್ರತಿ ಸಲ "ನೈನ್", ಬೇಡ, ಅನ್ನುತ್ತಿದ್ದಳು. ಒಮ್ಮೆ ತಾಯಿಯ ಬೆರಳು ಹಣೆಗೆ ತಗುಲಿದ್ದಕ್ಕೆ ಕುರ್ಚಿ ಸಮೇತ ಹಿಂದೆ ಸರಿದಳು. ಎಷ್ಟು ಚೆನ್ನಾಗಿ ಪಾತ್ರ ಮಾಡುತ್ತಾಳೆ ಎಂದು ನಾನು ಹೊಗಳಿದೆ.

ಪರೀಕ್ಷೆಗೆ ಮುಂಚಿನ ಕೊನೆಯ ಶನಿವಾರ ಹೊಟ್ಟೆನೋವಿನ ಕೇಸನ್ನೇ ಮತ್ತೆ ಕೊಟ್ಟೆ. ಲಿಲ್ಲಿ ಎಡವಿದ್ದು ಅದರಲ್ಲೇ ತಾನೇ. ತಾಲೀಮಿನ ಮಾತೆಲ್ಲ ಜರ್ಮನ್‌ನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನೋವು ಯಾವಾಗ ಬರುತ್ತದೆ?" ಎಂದು ಲಿಲ್ಲಿ ಕೇಳಿದಳು.

"ಬೆಳಿಗ್ಗೆ, ಶಾಲೆಯ ಹತ್ತಿರ ಸೈಕಲ್ಲಿಗೆ ಬೀಗ ಹಾಕುವಾಗ," ಎಂದಳು ಲಿಯೋನಾ. "ಒಳಗೆ ಹೋದರೆ ಹುಡುಗಿಯರು ನನ್ನ ಹಣೆ ಮುಟ್ಟುತ್ತಾರೆ."

ಇದು ನನ್ನ ಕೈಲಿದ್ದ ಹಾಳೆಯಲ್ಲಿ ಇರಲಿಲ್ಲ.

"ಯಾಕೆ ಮುಟ್ಟುತ್ತಾರೆ?"

"ನನ್ನ ಅಮ್ಮನ ಪರೀಕ್ಷೆಗೆ ರೋಗಿಯ ಪಾತ್ರ ಮಾಡಲು ಹೋದವಳು ನಮ್ಮ ತರಗತಿಯವಳು. ಅಮ್ಮ ಹಣೆ ಮುಟ್ಟಿದ್ದು, ಪರೀಕ್ಷಕರು ನಿಲ್ಲಿಸಿದ್ದು ಎಲ್ಲವನ್ನೂ ಶಾಲೆಯಲ್ಲಿ ಹೇಳಿದ್ದಾಳೆ. ಈಗ ಎದುರು ಸಿಕ್ಕವರೆಲ್ಲ ನನ್ನ ಹಣೆಗೆ ಕೈಯಿಟ್ಟು, ಜ್ವರವಾ ಮಗು ಎಂದು ನಗುತ್ತಾರೆ. ಬೇಡ ಅಂದರೂ ಇಡುತ್ತಾರೆ."

ಲಿಲ್ಲಿಯ ಕೈ ಮೇಲೆದ್ದಿತು. ನಾನು ಚಮಚ ಮುಟ್ಟಲಿಲ್ಲ. ಕೈ ಅರ್ಧ ದಾರಿಗೆ ಬಂದು ನಿಂತಿತು, ಅವಳೇ ಅದನ್ನು ಮಡಿಲಿಗೆ ಇಳಿಸಿಕೊಂಡಳು.

"ಇದನ್ನು ನಾನು ನಿನ್ನ ಅಮ್ಮನಿಗೆ ಹೇಳಬಹುದಾ?" ಲಿಲ್ಲಿಯ ದನಿ ಇನ್ನೂ ನರ್ಸಿನದೇ. ಹೇಗೆ ಸಾಧ್ಯವಾಯಿತೋ ಅವಳ ದೇವರಿಗೇ ಗೊತ್ತು.

ಲಿಯೋನಾ ಮೇಜು ನೋಡುತ್ತ ಹೇಳಿದಳು: "ಈಗ ಬೇಡ. ಅಮ್ಮನಿಗೆ ಪರೀಕ್ಷೆ ಇದೆ. ಅದು ಮುಗಿದ ಮೇಲೆ ಹೇಳಿ."

"ಆಗಲಿ," ಎಂದಳು ಲಿಲ್ಲಿ.

ಮಾರನೆಯ ದಿನ ಮೆಟ್ಟಿಲ ಮೇಲೆ ಸಿಕ್ಕಿದ ಲಿಲ್ಲಿಯನ್ನು ನಾನು ಬಿಡಲಿಲ್ಲ. "ಪರೀಕ್ಷೆ ಮನೆ ಹಾಳಾಗ್ಲಿ, ಸ್ಕೂಲಿಗೆ ಹೋಗಿ ಟೀಚರ್ ಹತ್ರ ಮಾತಾಡು. ನಿಂಗಾಗಲ್ಲ ಅಂದ್ರೆ ಹೇಳು, ನಾನೇ ಹೋಗಿ ಆ ಹುಡುಗೀರ ಕಿವಿ ಹಿಂಡಿ ಬರ್ತೀನಿ."

"ಬೇಡ ಅಕ್ಕ. ಮಾತು ಕೊಟ್ಟಾಗಿದೆ. ಈಗ ಹೋದ್ರೆ ಅವಳು ಇನ್ನು ಯಾರಿಗೂ ಎಂತದೂ ಹೇಳುದಿಲ್ಲ." ಮೆಟ್ಟಿಲು ಇಳಿಯುತ್ತ, "ನಾಳೆ ಬೆಳಿಗ್ಗೆ ಅವಳು ಸೈಕಲ್ ತೆಗೀವಾಗ ನಾನು ಕಿಟಕಿ ಹತ್ರ ಹೇಗೆ ನಿಲ್ಲುದು, ಅದು ಹೇಳಿ ನೀವು," ಎಂದಳು.

ಅವಳು ಮಾಡಿದ್ದು ಸರಿಯೋ ತಪ್ಪೋ ನನಗೆ ಇವತ್ತಿಗೂ ಬಗೆಹರಿದಿಲ್ಲ. ಪರೀಕ್ಷೆಗೆ ಪುಸ್ತಕ ತೆರೆದಿಟ್ಟುಕೊಂಡು ಅವಳು ಒಂದೇ ಪುಟ ನೋಡುತ್ತ ಕೂತಿರುತ್ತಿದ್ದಳು. ಮಗಳು ಬೆಳಿಗ್ಗೆ ಹೆಲ್ಮೆಟ್ ಹಾಕಿಕೊಂಡು ಹೊರಡುತ್ತಿದ್ದಳು, ತಾಯಿ ಹುಷಾರು ಅನ್ನುತ್ತಿದ್ದಳು. ಇಬ್ಬರಿಗೂ ಎಲ್ಲ ಗೊತ್ತು, ಇಬ್ಬರೂ ಏನೂ ಗೊತ್ತಿಲ್ಲದವರ ಹಾಗೆ.

ಗುರುವಾರ ಮಧ್ಯಾಹ್ನ ಪರೀಕ್ಷೆ. ನಾನು ಉಪ್ಪಿಟ್ಟು ಮಾಡಿ ತಂದು ಲಿಯೋನಾ ಜೊತೆ ಕಾಯುತ್ತಿದ್ದೆ. ಲಿಲ್ಲಿ ಬಂದಳು, ಕೋಟು ಕೂಡ ತೆಗೆಯಲಿಲ್ಲ.

"ರಿಸಲ್ಟ್ ಆಮೇಲೆ ಹೇಳ್ತಾರಂತೆ," ಎಂದಳು. "ಕೈ ಹೋಗ್ಲಿಲ್ಲ ಅಕ್ಕ. ಆ ಮಗು ಅಳುವ ಪಾತ್ರ ಮಾಡಿತು, ಆದ್ರೂ ಹೋಗ್ಲಿಲ್ಲ." ಗೆದ್ದವರ ಮುಖ ಅದಲ್ಲ.

ಆಮೇಲೆ ಮಗಳ ಎದುರು ಕುರ್ಚಿ ಎಳೆದು ಕೂತು, ತಾಲೀಮಿನ ಜರ್ಮನ್‌ನಲ್ಲೇ ಕೇಳಿದಳು: "ಪರೀಕ್ಷೆ ಮುಗಿಯಿತು. ಈಗ ನಿನ್ನ ಅಮ್ಮನಿಗೆ ಹೇಳಬಹುದಾ?"

ಲಿಯೋನಾ ಹೂಂ ಎಂದು ತಲೆಯಾಡಿಸಿದಳು. ಲಿಲ್ಲಿಯ ಕಣ್ಣಿಂದ ನೀರು ಇಳಿಯತೊಡಗಿತು. ಆದರೆ ಕೈಗಳು ಮಡಿಲಲ್ಲೇ ಬಿದ್ದಿದ್ದವು, ಅಲುಗಲಿಲ್ಲ. ಅದನ್ನು ನೋಡಿ ನನಗೆ ಭಯವಾಯಿತು. ಚಮಚ ಬಡಿದು ಬಡಿದು ನಾನು ಇವಳಿಂದ ಏನನ್ನು ಬಿಡಿಸಿಬಿಟ್ಟೆ!

"ಮುಟ್ಟ..." ಎಂದು ಲಿಲ್ಲಿ ಶುರುಮಾಡಿದಳು. ಮುಗಿಸಲಾಗಲಿಲ್ಲ.

ಲಿಯೋನಾ ಎದ್ದು ಬಂದು ತಾಯಿಯ ಬಲಗೈ ಎತ್ತಿ ತನ್ನ ಹಣೆಗೆ ಒತ್ತಿಕೊಂಡಳು.

"ನೀನು ಕೇಳ್ಬೇಡ," ಎಂದಳು, ಕನ್ನಡದಲ್ಲಿ. "ನಾಳೆ ನನ್ನೊಟ್ಟಿಗೆ ಸ್ಕೂಲಿಗೆ ಬಾ."