ತಂಗಿಯ ಹಡಗುಗಳಿಗೆ ನಾನು ಕರೆದ ತಕರಾರು

ಸೊರಬದ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು ಕೂತು ನಾನು ಕ್ರಯಪತ್ರ ಬರೆಯುತ್ತಿದ್ದೆ. ಬರೆಯುವುದಕ್ಕಿಂತ ಹೆದರುವುದೇ ಹೆಚ್ಚು ಎಂದು ಬಲ್ಲವರು ಹೇಳುತ್ತಿದ್ದರು. ಜಮೀನು ಕೊಳ್ಳುವವರು ಎಷ್ಟೇ ಅವಸರ ಮಾಡಲಿ, ‘ತಕರಾರು ಇದ್ದವರು ಮೂವತ್ತು ದಿನದೊಳಗೆ ತಿಳಿಸತಕ್ಕದ್ದು’ ಎಂದು ಪತ್ರಿಕೆಯಲ್ಲಿ ಪ್ರಕಟಣೆ ಹಾಕಿಸದೆ ಪೆನ್ನು ಮುಟ್ಟುತ್ತಿರಲಿಲ್ಲ. ಯಾರೂ ಬರುತ್ತಿರಲಿಲ್ಲ. ನನಗೆ ನೆಮ್ಮದಿಯಾಗುತ್ತಿತ್ತು, ಮುಂದಿನ ಜಮೀನಿನ ತನಕ.

ತೊಂಬತ್ತರ ದಶಕದ ಕೊನೆಯ ಮಾತು. ನನ್ನ ತಂಗಿ ಶಿಕಾರಿಪುರದ ಒಂದು ಕಂಪ್ಯೂಟರ್ ತರಗತಿಯಲ್ಲಿ ಕಲಿಸುತ್ತಿದ್ದಳು. ಅಲ್ಲೊಂದು ವಿದೇಶಿ ಕಂಪನಿಯ ಆಟವಿತ್ತು: ಬಂದರು ಕಟ್ಟಬೇಕು, ಹಡಗು ಓಡಿಸಬೇಕು. ಹೊಸ ಯಂತ್ರಗಳಲ್ಲಿ ಅದು ನಡೆಯುತ್ತಲೇ ಇರಲಿಲ್ಲ. ಅವಳು ಅದನ್ನು ಆಡಿ ಆಡಿ, ಅದರ ಒಂದು ಸಾಲನ್ನೂ ನಕಲು ಮಾಡದೆ, ಇಡೀ ಪ್ರೋಗ್ರಾಮನ್ನು ತಾನೇ ಹೊಸದಾಗಿ ಬರೆದಳು. ಎರಡು ವರ್ಷ ಹಿಡಿಯಿತು. ಯಾರು ಬೇಕಾದರೂ ಓದಲಿ, ತಿದ್ದಲಿ, ಹಂಚಲಿ ಎಂದು ಶಿವಮೊಗ್ಗದ ಗೆಳತಿಯ ಮೂಲಕ ಇಂಟರ್‌ನೆಟ್ಟಿಗೆ ಹಾಕಿಸಿದಳು. ಎಲ್ಲೆಲ್ಲಿಯವರೋ ತಪ್ಪು ತಿದ್ದಿ ಕಳಿಸುತ್ತಿದ್ದರು. ಆ ಪತ್ರಗಳನ್ನು ಪ್ರಿಂಟ್ ತೆಗೆಸಿ ಟ್ರಂಕಿನಲ್ಲಿ, ರೇಷ್ಮೆ ಸೀರೆಯ ಪಕ್ಕ ಇಟ್ಟಿದ್ದಳು.

‘ಹಡಗಿನ ಚಿತ್ರ ಯಾರದು?’ ಎಂದು ಒಮ್ಮೆ ಶಿಕಾರಿಪುರಕ್ಕೆ ಹೋದಾಗ ಕೇಳಿದೆ.

‘ಸದ್ಯಕ್ಕೆ ಕಂಪನಿಯವರದೇ. ತೆಗೀತೀನಿ.’

‘ಸದ್ಯಕ್ಕೆ ಅಂದ್ರೆ?’

‘ಅಣ್ಣಾ, ನೀನು ಊಟಕ್ಕೆ ಬಂದಿದೀಯೋ, ಪಂಚನಾಮೆಗೋ?’

ಬಸ್ಸು ಸೊರಬ ಮುಟ್ಟುವಷ್ಟರಲ್ಲಿ ತಲೆಯೊಳಗೆ ಅವಳನ್ನು ಎರಡು ಸಲ ಜೈಲಿಗೆ ಹಾಕಿ ಆಗಿತ್ತು. ಅವಳಿಗೆ ಹೇಳದೆ ಕಂಪನಿಯ ದೆಹಲಿ ಕಚೇರಿಗೆ ಕಾಗದ ಬರೆದೆ, ನನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ. ಮೇಲೆ ತಂಗಿಯ ಹೆಸರು, ತರಗತಿಯ ವಿಳಾಸ. ಕೆಳಗೆ, ಕ್ರಯಪತ್ರದಲ್ಲಿ ಆಸ್ತಿಯ ವಿವರ ಪಟ್ಟಿ ಮಾಡುವಂತೆ, ಷೆಡ್ಯೂಲು: ಪ್ರೋಗ್ರಾಮು ಸ್ವಂತದ್ದು, ಹಡಗು, ಕ್ರೇನು, ಗೋದಾಮುಗಳ ಚಿತ್ರ ತಮ್ಮ ಕಂಪನಿಯವು. ತಕರಾರು ಇದ್ದರೆ ಮೂವತ್ತು ದಿನದೊಳಗೆ ತಿಳಿಸತಕ್ಕದ್ದು. ಮಲಗಿದ್ದ ತಕರಾರನ್ನು ರಿಜಿಸ್ಟರ್ಡ್ ಅಂಚೆ ಕಳಿಸಿ ಎಬ್ಬಿಸಿದವನು ಇಡೀ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಮೂವತ್ತು ದಿನ ಕಳೆಯಿತು. ನಾನು ಹಗುರಾದೆ. ಎರಡನೇ ತಿಂಗಳಲ್ಲಿ ಕಂಪನಿಯ ವಕೀಲರ ನೋಟಿಸು ಅವಳಿಗೆ ಬಂತು; ನನ್ನ ಷೆಡ್ಯೂಲನ್ನು ಅಕ್ಷರ ಬಿಡದೆ ಅದರಲ್ಲಿ ಇಳಿಸಿದ್ದರು. ಇನ್ನೊಂದು ಪ್ರತಿ ತರಗತಿಯ ಮಾಲೀಕರಿಗೆ ಹೋಗಿತ್ತು.

ಶಿಕಾರಿಪುರದಲ್ಲಿ ನಮ್ಮ ಪರಿಚಯದ ವಕೀಲರೊಬ್ಬರು ಅದನ್ನು ಎರಡು ಸಲ ಓದಿದರು. ‘ಆಟ ನೋಡಿ ನಿಮ್ಮ ತಂಗಿ ತಾವಾ ಹೊಸದಾಗಿ ಬರ್ಕಂಡಾರ ಅಂದ್ರ ವಾದ ಮಾಡಬಹುದಿತ್ತು. ಚಿತ್ರ ನಿಮ್ಮವು ಅಂತ ನೀವಾ ಬರ್ದುಕೊಟ್ಟೀರಲ್ರೀ!’

‘ಇದ್ದದ್ದು ಬರೆದೆ ಸಾರ್.’

‘ಕೇಳಿದ್ದು ಯಾರ್ರೀ?’

ಕೇಸು ನಡೆದರೆ ದೆಹಲಿಯಲ್ಲಿ ನಡೆಯುತ್ತಿತ್ತು. ನಾವು ಅಲ್ಲಿಗೆ ಹೋಗಿ ನಿಲ್ಲುವವರಲ್ಲ ಎಂದು ಕಂಪನಿಗೂ ಗೊತ್ತಿತ್ತು. ಇತ್ಯರ್ಥವಾಗುವ ತನಕ ತರಗತಿಗೆ ಬರಬೇಡಿ ಎಂದು ಮಾಲೀಕರು ಅವಳಿಗೆ ಹೇಳಿದರು. ಉಳಿದ ದಾರಿ ಒಂದೇ, ಮುಚ್ಚಳಿಕೆ: ಎಲ್ಲವನ್ನೂ ಅಳಿಸಬೇಕು, ಇಂಟರ್‌ನೆಟ್ಟಿನಿಂದ ತೆಗೆಸಬೇಕು, ಮತ್ತೆ ಇಂಥದ್ದು ಬರೆಯಕೂಡದು. ಚಿತ್ರಗಳನ್ನಷ್ಟೇ ಅಲ್ಲ, ಅವಳದೇ ಆದ ಸಾಲುಗಳನ್ನೂ.

‘ನೀನೇ ಬರಿ,’ ಎಂದಳು. ‘ನಿನ್ನ ಬರವಣಿಗೆ ಅವರಿಗೆ ಹಿಡಿಸೈತೆ.’

ಬರೆದೆ. ಅವಳು ಸಹಿ ಮಾಡಿದಳು. ಅಳಿಸಿದ್ದಕ್ಕೆ ಸಾಕ್ಷಿ ಬೇಕೆಂದಿದ್ದರು, ಅದಕ್ಕೂ ನಾನೇ. ಅಳಿಸುವುದಕ್ಕೆಂದೇ ಮಾಲೀಕರು ಬಾಗಿಲು ತೆಗೆಸಿಕೊಟ್ಟ ತರಗತಿಯಲ್ಲಿ ಅವಳು ಒಂದೊಂದೇ ಫ್ಲಾಪಿಯನ್ನು ಯಂತ್ರಕ್ಕೆ ಹಾಕಿ ಅಳಿಸುತ್ತ ಹೋದಳು. ಯಂತ್ರ ಕರಕರ ಎನ್ನುತ್ತಿತ್ತು. ಸುಮ್ಮನಿರಲಾರದೆ ಕೇಳಿದೆ:

‘ಚಿತ್ರಾನೂ ನೀನೇ ಬಿಡಿಸಬಹುದಿತ್ತಲ್ಲೇ?’

‘ಬಿಡಿಸ್ತಾ ಇದ್ದೆ.’ ತಿರುಗಿ ನೋಡಲಿಲ್ಲ. ‘ಗೋದಾಮು ಆಗಿತ್ತು, ಕ್ರೇನು ಆಗಿತ್ತು. ನಾಲ್ಕು ಹಡಗು ಉಳಿದಿದ್ವು. ಎಲ್ಲಾ ಈ ಫ್ಲಾಪಿಯೊಳಗೈತೆ.’

‘ಒಂದ್ಸಲ ತೋರಿಸೇ.’

‘ಮುಚ್ಚಳಿಕೆಯಲ್ಲಿ ಹಂಗೆ ಬರೆದಿಲ್ಲ,’ ಎಂದು ಅದನ್ನೂ ಒಳಗೆ ತಳ್ಳಿದಳು.