ರಿವಾಲ್ವರಿನ ಮೂಗು ಕೂರಿಸಿದ ರಾಮಲಿಂಗಯ್ಯ

ಹಿಂದೂಪುರದ ಪೇಟೆಯಲ್ಲಿ ರಾಮಲಿಂಗಯ್ಯನವರ ಅಂಗಡಿ ಒಂದು ಬಾಗಿಲಿನಷ್ಟೇ ಅಗಲ. ಲಿಂಗವಂತರು ಇಷ್ಟಲಿಂಗವಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿ ಕರಡಿಗೆಗಳ ಕೀಲು ಸರಿಮಾಡುವುದು ಅವರ ಕಸುಬು. ನಲವತ್ತು ವರ್ಷ ಅದನ್ನೇ ಮಾಡಿದರು. ಆದರೆ ಹಳಬರು ಅವರನ್ನು ನೆನೆಯುವುದು ಒಂದು ನಾಟಕದ ರಿವಾಲ್ವರಿನಿಂದ.

ಅದು 1938ರ ಬೇಸಿಗೆ. ಬೆಲ್ಲದ ವ್ಯಾಪಾರಿ ಮರುಳಪ್ಪ ಊರಿನ ನಾಟಕದಲ್ಲಿ ಇನ್ಸ್‌ಪೆಕ್ಟರ್ ಆಗಿದ್ದ. ಜೇಬಿನಿಂದ ಆಟಿಕೆ ರಿವಾಲ್ವರ್ ಸೆಳೆದಾಗ, ಮೊದಲೇ ಸಡಿಲಾಗಿದ್ದ ನಳಿಗೆಯ ತುದಿಯಲ್ಲಿ ಗುರಿ ನೋಡಲೆಂದಿರುವ ಪುಟ್ಟ ಮೊನೆ ಕಳಚಿ ಹಲಗೆಯ ಮೇಲೆ ಟಣ್ಣೆಂದಿತು.

"ಒರೇಯ್, ತುಪಾಕಿ ಮುಕ್ಕು ರಾಲಿಂದಿರಾ!" ತುಪಾಕಿಯ ಮೂಗು ಉದುರಿತು ಎಂದು ಯಾರೋ ತೆಲುಗಿನಲ್ಲಿ ಕೂಗಿದರು. ಮಾರನೆಯ ದಿನದಿಂದ ಮಂಡಿಯಲ್ಲಿ ಮರುಳಪ್ಪನ ಹೆಸರು ಮೂಗಿಲ್ಲದ ಇನ್ಸ್‌ಪೆಕ್ಟರ್.

ಮುಂದಿನ ಆಟ ಕಲ್ಯಾಣದುರ್ಗದಲ್ಲಿ.

"ಅದು ನನ್ ಹೆಂಡ್ತಿ ತೌರೂರು ಕಣಣ್ಣ. ಅಲ್ಲೂ ಇದ್ರ ಮೂಗು ಬಿದ್ರೆ ಆ ಊರಿಗೆ ನಾನು ಕಾಲಿಡಂಗಿಲ್ಲ," ಎಂದು ಮರುಳಪ್ಪ ರಿವಾಲ್ವರನ್ನೂ ಮೊನೆಯನ್ನೂ ರಾಮಲಿಂಗಯ್ಯನವರ ಮುಂದಿಟ್ಟ.

ಮೊನೆಯ ಬುಡದಲ್ಲಿ ಕರ್ರಗೆ ಏನೋ ಮೆತ್ತಿತ್ತು. ರಾಮಲಿಂಗಯ್ಯ ಮೂಸಿ ನೋಡಿದರು.

"ಲಿಂಗಕ್ಕೆ ಬಳಿಯೋ ಕಂತಿ ತಂದು ತುಪಾಕಿಗೆ ಮೆತ್ತಿದ್ದೀಯೇನಪ್ಪ?"

"ಮನೇಲಿ ಮಿಕ್ಕಿತ್ತು. ಲಿಂಗದ ಮ್ಯಾಲೆ ಕಲ್ಲಿನಂಗೆ ನಿಂತೈತಲ್ಲಾ ಅಂತ..."

"ಲಿಂಗ ಎದೆ ಮ್ಯಾಲೆ ತಣ್ಣಗೈತೆ. ಇದು ಪೆಟ್ರೋಮ್ಯಾಕ್ಸ್ ಕೆಳಗೆ ಬೇಯ್ತೈತೆ. ಮೆತ್ತಗಾಗ್ದೆ ಇನ್ನೇನು?"

ಬೆಸುಗೆ ಹಾಕುವಂತಿರಲಿಲ್ಲ. ಸತುವಿನ ಎರಕ, ಕಾಸಿದರೆ ನಳಿಗೆಯೇ ಇಳಿದುಹೋಗುತ್ತಿತ್ತು. ರಾಮಲಿಂಗಯ್ಯ ಕಂತಿಯನ್ನು ಕೆರೆದು ತೆಗೆದು, ಕರಡಿಗೆಯ ಕೀಲಿಗೆ ಮಾಡುವಂತೆಯೇ ಮಾಡಿದರು. ಮೊನೆಯನ್ನು ಅದರ ಕಚ್ಚಿನಲ್ಲಿ ಕೂರಿಸಿ, ಅಡ್ಡಲಾಗಿ ಸೂಜಿಯ ದಪ್ಪದ ತೂತು ಕೊರೆದು, ತಾಮ್ರದ ತಂತಿ ತೂರಿಸಿ, ಎರಡೂ ತುದಿಯನ್ನು ಮೆಲ್ಲಗೆ ತಟ್ಟಿ ಚಪ್ಪಟೆ ಮಾಡಿದರು. ಬಟ್ಟೆಗೆ ಸಿಕ್ಕಿಕೊಳ್ಳುತ್ತಿದ್ದ ಚೂಪು ಅಂಚನ್ನು ಅರದಿಂದ ಉಜ್ಜಿದರು. ಆಮೇಲೆ ಅಂಗಡಿಯ ಮುಂದೆಯೇ ಮರುಳಪ್ಪನಿಂದ ಅದನ್ನು ಜೇಬಿನಿಂದ ಇಪ್ಪತ್ತು ಸಲ ಸೆಳೆಸಿದರು. ಹುಣಸೆಹಣ್ಣಿನ ಬುಟ್ಟಿ ಹೊತ್ತು ಬಂದ ಮುನೆಮ್ಮ ಎಂಬ ಮುದುಕಿ ನಿಂತು, "ಯಾರ್ನ ಸುಡಕ್ಕೆ ಹೊಂಟ್ಯಪ್ಪ, ಇಷ್ಟೊಂದು ಸಲ?" ಎಂದಳು.

ಕಲ್ಯಾಣದುರ್ಗದ ಬಸ್ಸಿಗೆ ರಾಮಲಿಂಗಯ್ಯನವರೂ ಹತ್ತಿದರು. ಆಟದಲ್ಲಿ ಅವರ ಕಣ್ಣು ನಳಿಗೆಯ ತುದಿಯ ಮೇಲೆ. ಮರುಳಪ್ಪನ ಕಣ್ಣೂ ಅಲ್ಲೇ. ರಿವಾಲ್ವರ್ ಸಲೀಸಾಗಿ ಹೊರಬಂತು, ಮೊನೆ ಅಲುಗಲಿಲ್ಲ. ಅದನ್ನೇ ನೋಡುತ್ತ ನಿಂತ ಮರುಳಪ್ಪ "ಕೈ ಎತ್ತು" ಎನ್ನುವುದನ್ನೇ ಮರೆತ. ಕಾದು ಸಾಕಾದ ಕಳ್ಳನ ಪಾತ್ರದವನು ತಾನೇ ಕೈ ಎತ್ತಿದ. ನೋಟದಲ್ಲೇ ಕಳ್ಳನನ್ನು ಹಿಡಿದನೆಂದು ಮಾವನ ಮನೆಯವರು ಚಪ್ಪಾಳೆ ತಟ್ಟಿದರು.

"ಮಾತು ಬಿದ್ದೋಯ್ತು, ಮೂಗು ಬೀಳ್ಲಿಲ್ಲ ಕಣಪ್ಪ," ಎಂದು ರಾಮಲಿಂಗಯ್ಯ ಕೊನೆಯವರೆಗೂ ಹೇಳಿಕೊಂಡು ನಗುತ್ತಿದ್ದರು. ಮಂಡಿಯವರು ಆಮೇಲೆ ಮರುಳಪ್ಪನನ್ನು ಬರೀ ಇನ್ಸ್‌ಪೆಕ್ಟರ್ ಎಂದು ಕರೆದರು.