ಚಾಂಪಿಯನ್ನನ ಭಾಮೈದ

ಹೆವಿವೇಟ್ ಚಾಂಪಿಯನ್ ಎಂದರೆ ಜನರಿಗೆ ಬೆಲ್ಟು ಕಾಣುತ್ತದೆ, ಎದೆ ಕಾಣುತ್ತದೆ. ಅವನ ಹುಬ್ಬು ಒಡೆದಾಗ ರಕ್ತ ಒರೆಸುವವನು ಯಾರ ಕಣ್ಣಿಗೆ ಬೀಳುತ್ತಾನೆ ಹೇಳಿ? ಇಲ್ಲಿ ಒರೆಸುತ್ತಿದ್ದವನು ಅವನ ಹೆಂಡತಿಯ ತಮ್ಮ. ಕಸುಬಿನಲ್ಲಿ ಕ್ಷೌರಿಕ. ಬಸ್ ನಿಲ್ದಾಣದ ಹಿಂದೆ ಎರಡು ಕುರ್ಚಿಯ ಅಂಗಡಿ, ಅದರಲ್ಲೂ ಒಂದರ ಕಾಲು ಅಲುಗಾಡುತ್ತಿತ್ತು. ಗಿರಾಕಿಯ ಗಲ್ಲ ಕುಯ್ದರೆ ಪಟಿಕದ ಕಲ್ಲು ಒತ್ತಿ ಥಟ್ಟನೆ ರಕ್ತ ನಿಲ್ಲಿಸುವ ಕೈ ಅವನದು. ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ ಭಾವ ಬಾಕ್ಸಿಂಗಿಗೆ ಇಳಿದಾಗ, ಕಲಿಸುವ ಮೇಷ್ಟ್ರು ಆ ಕೈಯನ್ನು ನೋಡಿ ಬಿಟ್ಟಾರೆಯೇ? ರಿಂಗಿನ ಮೂಲೆಗೆ ಎಳೆದುಕೊಂಡರು.

ಟವೆಲ್ಲನ್ನೂ ಅವನ ಹೆಗಲಿಗೇ ಹಾಕಿದರು. ಮೂಲೆಯವರ ಟವೆಲ್ ರಿಂಗಿನೊಳಗೆ ಬಿತ್ತೆಂದರೆ ಸೋಲು ಒಪ್ಪಿಕೊಂಡಂತೆ, ಆಟ ಅಲ್ಲಿಗೆ ಮುಗಿಯಿತು. ತನಗೆ ಗೆಲ್ಲುವ ಆಸೆ ಜಾಸ್ತಿ, ಆಸೆಬುರುಕನ ಕೈಯಲ್ಲಿ ಅದು ಇರಬಾರದು ಎಂದಿದ್ದರು ಮೇಷ್ಟ್ರು. ಅಕ್ಕನದೂ ಒಂದೇ ಮಾತು. ಬೆಲ್ಟು ಬರಲಿ ಬಿಡಲಿ, ಮನುಷ್ಯನನ್ನು ನೆಟ್ಟಗೆ ಮನೆಗೆ ಕರೆದುಕೊಂಡು ಬಾ.

ಭಾವನನ್ನು ಜನ 'ಬಂಡೆ' ಎಂದು ಕರೆದರು. ಬಂಡೆಯೇ ಸರಿ, ಎಂಥ ಏಟಿಗೂ ಜಗ್ಗುತ್ತಿರಲಿಲ್ಲ. ಗೆದ್ದ, ಬೆಲ್ಟು ಕಟ್ಟಿದ, ವರ್ಷಗಟ್ಟಲೆ ಉಳಿಸಿಕೊಂಡ. ಆದರೆ ತಿಂದ ಏಟು ಎಲ್ಲಿಗೆ ಹೋಗುತ್ತದೆ? ಒಳಗೇ ಕೂರುತ್ತದೆ. ಸ್ಟೌ ಆರಿಸಲು ಮರೆಯುವುದು, ಹೇಳಿದ್ದನ್ನೇ ಹೇಳುವುದು ಶುರುವಾಯಿತು. ಅದಕ್ಕೇ ಭಾಮೈದ ಒಂದು ರೂಢಿ ಮಾಡಿಕೊಂಡ. ಪ್ರತಿ ಸುತ್ತು ಮುಗಿದು ಭಾವ ಸ್ಟೂಲಿನ ಮೇಲೆ ಕುಸಿದಾಗ, ಹುಬ್ಬು ಒತ್ತುತ್ತಲೇ, ಅಕ್ಕ ಎಲ್ಲಿ ಕೂತಿದ್ದಾಳೆ ಎಂದು ಕೇಳುವುದು. ಅಕ್ಕನಿಗೆ ಹೊಡೆದಾಟ ನೋಡುವ ಗುಂಡಿಗೆಯಿಲ್ಲ, ಯಾವಾಗ ಬೇಕಾದರೂ ಎದ್ದು ಹೋಗಲು ಬಾಗಿಲ ಪಕ್ಕವೇ ಕೂರುವವಳು. ಬಾಗಿಲ ಹತ್ತಿರ ಎಂದು ಉತ್ತರ ಬಂದರೆ ತಲೆ ನೆಟ್ಟಗಿದೆ ಎಂದು ಲೆಕ್ಕ. ಅಷ್ಟು ಹೊತ್ತಿಗೆ ಭಾಮೈದನಿಗೂ ಸಾಕೋ ಸಾಕಾಗಿತ್ತು. ಹಗಲೆಲ್ಲ ಊರವರ ಗಡ್ಡ, ಸಂಜೆಯಾದರೆ ಭಾವನ ಗಾಯ. ಅಂಗಿಗೆ ಹತ್ತಿದ ರಕ್ತ ತೊಳೆದೂ ತೊಳೆದೂ ಅವನ ಹೆಂಡತಿ ಮೂತಿ ತಿರುಗಿಸುತ್ತಿದ್ದಳು.

ಕೊನೆಯ ಪಂದ್ಯದ ದಿನ ಭಾವ ಹಟ ಹಿಡಿದ. ಇವತ್ತಾದರೂ ನನ್ನ ಕಣ್ಣೆದುರು ಕೂರು ಎಂದು ಹೆಂಡತಿಯನ್ನು ಕೈಹಿಡಿದು ಕರೆತಂದು, ತಾನೇ ಮುಂದಿನ ಸಾಲಿನಲ್ಲಿ, ತನ್ನ ಮೂಲೆಯ ಕೆಳಗೇ ಕೂರಿಸಿದ. ಎದುರಾಳಿ ಎಳೆಯ ಪ್ರಾಯದವನು, ಉಸಿರು ಬತ್ತದವನು. ಆದರೂ ಅಂಕದಲ್ಲಿ ಭಾವನೇ ಮುಂದಿದ್ದ. ಉಳಿದದ್ದು ಒಂದೇ ಸುತ್ತು. ಬೀಳದೆ ನಿಂತಿದ್ದರೂ ಸಾಕು, ಬೆಲ್ಟು ಮನೆಗೆ ಬರುತ್ತಿತ್ತು.

"ಅಕ್ಕ ಎಲ್ಲಿ ಕೂತಿದ್ದಾಳೆ ಭಾವ?"

"ಬಾಗಿಲ ಹತ್ರ."

ತಡವರಿಸಲೂ ಇಲ್ಲ. ಮೇಷ್ಟ್ರು ಸಮಾಧಾನದಿಂದ ನೀರಿನ ಬಾಟಲಿ ಮುಚ್ಚಿದರು. ಭಾಮೈದ ಮಾತ್ರ ಥಟ್ಟನೆ ಮೂಲೆಯ ಕೆಳಗೆ ನೋಡಿದ. ಅಕ್ಕ ಅಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಗಂಡನ ಮುಖವನ್ನೇ ನೋಡುತ್ತಾ ಕೂತಿದ್ದಳು. ಉತ್ತರ ಅವಳಿಗೂ ಕೇಳಿಸಿತ್ತು. ಭಾವನ ಬಾಯಿ ಆಡಿತ್ತೇ ಹೊರತು ತಲೆ ಅಲ್ಲಿರಲಿಲ್ಲ. ಥೂ, ಒಂದೇ ಪ್ರಶ್ನೆ ಕೇಳಿ ಕೇಳಿ ಗಿಳಿಪಾಠ ಮಾಡಿಸಿದವನು ತಾನೇ ಅಲ್ಲವೇ! ಇಷ್ಟು ವರ್ಷದ ಉತ್ತರಗಳಲ್ಲಿ ಎಷ್ಟು ನಿಜ, ಎಷ್ಟು ಬಾಯಿಪಾಠ, ಯಾರಿಗೆ ಗೊತ್ತು? ಗಂಟೆ ಹೊಡೆಯಿತು. ಬಂಡೆ ಎದ್ದು ನಿಂತ. ಮೇಷ್ಟ್ರು ಭಾಮೈದನ ಮೊಣಕೈ ಹಿಡಿದು ತಡೆಯುವಷ್ಟರಲ್ಲಿ ಟವೆಲ್ ರಿಂಗಿನ ನಡುವೆ ಬಿದ್ದಾಗಿತ್ತು.

ಆಮೇಲಿನ ಪಾಡು ಕೇಳಬೇಡಿ. ಉಂಡ ಮನೆಗೆ ಎರಡು ಬಗೆದವನು ಎಂದು ಜನ ಉಗಿದರು. ಹಳೆಯ ಗಿರಾಕಿಗಳು ಎದುರಿನ ಅಂಗಡಿ ಹೊಕ್ಕರು. ಭಾವ ಮಾತು ಬಿಟ್ಟ. ಇವನ ಕುರ್ಚಿಯಲ್ಲಿ ಕೂರಬೇಕಾಗುತ್ತದಲ್ಲ ಎಂದು ಗಡ್ಡವನ್ನೂ ಬಿಟ್ಟ, ನೋಡಿದವರಿಗೆ ನಗು ಬರುವಷ್ಟು ಉದ್ದಕ್ಕೆ. ನಿಜ ಹೇಳಿದ್ದರೆ ಎಲ್ಲರ ಬಾಯಿಗೂ ಬೀಗ ಬೀಳುತ್ತಿತ್ತು. ಆದರೆ ನಿನ್ನ ಹೆಂಡತಿ ಕಣ್ಣೆದುರಿಗಿದ್ದರೂ ನಿನಗೆ ಗೊತ್ತಾಗಲಿಲ್ಲ ಎಂದು ಆ ಮನುಷ್ಯನಿಗೆ ಯಾವ ಬಾಯಿಂದ ಹೇಳುವುದು? ಅಷ್ಟೂ ಏಟು ತಡೆದವನು ಈ ಒಂದು ಮಾತನ್ನು ತಡೆಯಲಾರ. ಅಕ್ಕ ತಮ್ಮ ಇಬ್ಬರೂ ಬಾಯಿ ಬಿಡಲಿಲ್ಲ.

ಬಹಳ ಕಾಲದ ಮೇಲೆ ಅಕ್ಕ ಅವನನ್ನು ಊಟಕ್ಕೆ ಕರೆದಳು. ಭಾವ ಎದುರಿಗೆ ಬಂದು ಕೂತ. ಈಗ ಅದೇ ಗೋದಾಮಿನಲ್ಲಿ ಮೇಲ್ವಿಚಾರಕ, ದಿನಾ ಹೋಗಿ ಬರುತ್ತಾನೆ, ಮರೆವು ಇದ್ದಷ್ಟೇ ಇದೆ. ಖಾಲಿ ತಟ್ಟೆಯನ್ನು ಆಚೆಗೆ ಸರಿಸಿದ.

"ಗೆಲ್ತಾ ಇದ್ದೆ ಕಣೋ. ಯಾಕೆ ಎಸೆದೆ? ನನಗೇನಾದ್ರೂ ಆಗಿತ್ತಾ?"

ಅಕ್ಕನ ಕೈಯಲ್ಲಿ ಸೌಟು ನಿಂತಿತು.

"ನಿಮಗೇನಾಗಿತ್ತು? ನಾನೇ ಹೆದರ್ಕೊಂಡೆ ಭಾವ."

"ಹೇಡಿ" ಎಂದ ಭಾವ. ಎಷ್ಟೋ ದಿನದ ಅನುಮಾನ ತೀರಿದವನಂತೆ ಉಸಿರು ಬಿಟ್ಟು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ.

ಅಕ್ಕ ಆ ತಟ್ಟೆಯನ್ನು ದಾಟಿ, ಮೊದಲು ತಮ್ಮನಿಗೆ ಬಡಿಸಿದಳು.